ಮಂಗ ಸತ್ತ ಸುದ್ದಿಯೂ ಒಂದು ವರದಿಯೇ



ಅಡಿಕೆ ಕೊಯ್ಲು ಮುಗಿಯುತ್ತ ಬಂದು ಕಾಫಿ ಹಣ್ಣು ಬಿಡಿಸುವ ಕೆಲಸ ಭರದಿಂದ ಸಾಗುವ ದಿನಗಳಲ್ಲಿ ಆಳಿನ ಚಿಂತೆ, ಒಣಗಿಸುವ ಚಿಂತೆ, ಧಾರಣೆಯ ಚಿಂತೆ ನಮ್ಮೆಲ್ಲರಿಗೂ ಇದ್ದದ್ದೇ. ಇದೇ ದಿನಗಳಲ್ಲಿ ಕಾಡಂಚಿನ ತರಗೆಲೆಗಳ ನಡುವೆ ಉಣ್ಣೆಯ ಮರಿಗಳೂ ಹೆಚ್ಚುತ್ತವೆ. ಮಂಗನ ಕಾಯಿಲೆಯ ಕಾಲವೆಂದರೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ. ನಮ್ಮ ಸುಗ್ಗಿಯೂ ಅದರ ಸುಗ್ಗಿಯೂ ಒಟ್ಟಿಗೇ ಬರುತ್ತವೆ.

ರೋಗಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ರೋಗ ಸರ್ವೇಕ್ಷಣೆ ಎಂದು ಹೆಸರು. ಇದು ಪೇಟೆಯ ಪ್ರಯೋಗಾಲಯದಲ್ಲಿ ನಡೆಯುವ ಕೆಲಸವೆಂದು ನಾವು ಬಗೆಯುತ್ತೇವೆ. ಆದರೆ ಮೊದಲ ಸುಳಿವು ಸಿಗುವುದು ತೋಟದಲ್ಲಿ, ಕೊಟ್ಟಿಗೆಯಲ್ಲಿ, ಅಡಿಗೆಮನೆಯಲ್ಲಿ. ಆ ಸುಳಿವು ಮೇಲಕ್ಕೆ ಹೋಗದಿದ್ದರೆ ಎಂಥ ಪ್ರಯೋಗಾಲಯವಿದ್ದೂ ಪ್ರಯೋಜನವಿಲ್ಲ. ಇದನ್ನು ಎರಡು ನಡೆದ ಸಂಗತಿಗಳಿಂದ ತಿಳಿಯೋಣ.

ಕ್ಯಾಸನೂರಿನ ಮಂಗಗಳು

1957ರ ಬೇಸಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂದು ಕೆಲವರು ತೀರಿಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. 1952ರಲ್ಲಿ ಆರಂಭವಾಗಿದ್ದ ಆ ಕೇಂದ್ರವೇ 1978ರಿಂದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಗಿದೆ.

ಮಂಗಗಳು ಸಾಯುತ್ತಿವೆ ಎಂದೊಡನೆ ವಿಜ್ಞಾನಿಗಳಿಗೆ ಹಳದಿ ಜ್ವರದ ಸಂಶಯ ಬಂತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರಕ್ಕೆ ಮಂಗಗಳು ಸಾಯುವುದುಂಟು. ಆದರೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಅದಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮೆದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಾಣು. ಹಳದಿ ಜ್ವರವಾಗಿದ್ದರೆ ಸೊಳ್ಳೆಯ ಬೆನ್ನು ಹತ್ತಬೇಕಿತ್ತು. ಇಲ್ಲಿ ಹತ್ತಬೇಕಾದ್ದು ಉಣ್ಣೆಯ ಬೆನ್ನು. ರೋಗವನ್ನು ಸರಿಯಾಗಿ ಗುರುತಿಸದೆ ಸರಿಯಾದ ಉಪಾಯ ಹೂಡಲಾಗದು ಎಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ಪಾಠ ಮಂಗನದು. ಮಂಗ ಸತ್ತು ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣ್ಣೆಗಳು ಕೆಳಗಿಳಿದು ಸುತ್ತಲ ನೆಲದಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದಲ್ಲಿ ಸೊಪ್ಪು ಕಡಿಯುವವರು, ದರಕು ಗುಡಿಸುವವರು, ದನ ಮೇಯಿಸುವವರು ಓಡಾಡಿದರೆ ಅಪಾಯ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲ. ಆದುದರಿಂದ ಸತ್ತ ಮಂಗದ ಸುದ್ದಿ ಬೇಗ ಮುಟ್ಟಿದರೆ, ಸುತ್ತ 50 ಮೀಟರ್ ತನಕ ಉಣ್ಣೆನಾಶಕ ಪುಡಿ ಎರಚಿ, ಜನರನ್ನು ಎಚ್ಚರಿಸಿ, ಜ್ವರಗಳನ್ನು ತಡೆಯಲು ಸಾಧ್ಯವಿದೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಅವುಗಳ ವಿಲೇವಾರಿಗೆ ಹೋದ ಕೆಲಸಗಾರರಿಗೇ ಈ ಜ್ವರ ಬಂತು. ಮುಂದಿನ ವರ್ಷಗಳಲ್ಲಿ ರೋಗ ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಕಾಣಿಸಿತು. ಇದು ಶಿವಮೊಗ್ಗದವರ ಕಾಯಿಲೆ, ನಮಗಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಬಾಂಸವಾಡದ ನಾಯಿಗಳು

ಎರಡನೆಯ ಸಂಗತಿ ಸೋಂಕಿನದಲ್ಲ, ಆಹಾರದ್ದು. 1974ರಲ್ಲಿ ರಾಜಸ್ಥಾನದ ಬಾಂಸವಾಡ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆ ಕಾಣಿಸಿತು. ಹೊಟ್ಟೆಯಲ್ಲಿ ನೀರು ತುಂಬಿ ಜನ ಸಾಯತೊಡಗಿದರು. ಕಾಮಾಲೆ ಎಂದರೆ ನೀರಿನಿಂದ ಬಂದ ಸೋಂಕು ಎಂದು ತಿಳಿಯುವುದು ಸಹಜ. ಆದರೆ ರೋಗ ಬಂದದ್ದು ಮೆಕ್ಕೆಜೋಳವನ್ನೇ ನಂಬಿದ ಬಡವರ ಮನೆಗಳಿಗೆ. ಅದೇ ಮನೆಗಳ ಅನ್ನ ತಿಂದ ನಾಯಿಗಳಿಗೂ ಹೊಟ್ಟೆ ಉಬ್ಬಿ ಸಾವು ಬಂದಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಈ ಸುಳಿವು ಹಿಡಿದು ಕಾಳನ್ನು ಪರೀಕ್ಷಿಸಿದರು. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದು, ಸರಿಯಾಗಿ ಒಣಗದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿತ್ತು. ಆ ಶಿಲೀಂಧ್ರದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಕುದಿಸಿದರೆ, ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ತಜ್ಞರ ವರದಿಯಂತೆ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು.

ಕ್ಯಾಸನೂರಿನಲ್ಲಿ ಮಂಗ, ಬಾಂಸವಾಡದಲ್ಲಿ ನಾಯಿ. ಎರಡು ಕಡೆಯೂ ಮೂಕಪ್ರಾಣಿಗಳ ಸಾವಿನಲ್ಲಿ ಸುಳಿವು ಇತ್ತು. ಪ್ರಾಣಿ ಸತ್ತದ್ದು ನೋಡಿದವರು ಹಲವರಿರುತ್ತಾರೆ. ಅದನ್ನು ಹೇಳಬೇಕಾದವರಿಗೆ ಹೇಳುವವರು ಕೆಲವರೇ.

ಸುದ್ದಿ ಸಾಗುವ ದಾರಿ

ನಮ್ಮ ದೇಶದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ 2004ರಲ್ಲಿ ಆರಂಭವಾಯಿತು. ಅದರಲ್ಲಿ ಮೂರು ಬಗೆಯ ನಮೂನೆಗಳನ್ನು ಗೊತ್ತುಮಾಡಲಾಯಿತು. ಆರೋಗ್ಯ ಕಾರ್ಯಕರ್ತರು ಲಕ್ಷಣ ನೋಡಿ ತುಂಬುವುದು ಎಸ್ ನಮೂನೆ. ವೈದ್ಯರು ರೋಗವನ್ನು ಊಹಿಸಿ ತುಂಬುವುದು ಪಿ ನಮೂನೆ. ಪ್ರಯೋಗಾಲಯದವರು ಖಚಿತಪಡಿಸಿ ತುಂಬುವುದು ಎಲ್ ನಮೂನೆ. ಹಿಂದೆ ಇವು ವಾರಕ್ಕೊಮ್ಮೆ ಕಾಗದದ ಮೇಲೆ ಹೋಗುತ್ತಿದ್ದವು, ಈಗ ಗಣಕಯಂತ್ರದ ಮೂಲಕ ಹೋಗುತ್ತವೆ. ಜಿಲ್ಲಾ ಘಟಕದಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಲೆಕ್ಕ ಮುಟ್ಟುತ್ತದೆ.

ಅಲ್ಲಿ ಕುಳಿತವರು ಬರೀ ಸಂಖ್ಯೆ ಕೂಡಿಸುವುದಿಲ್ಲ. ಇದೇ ಊರಿನಲ್ಲಿ, ಇದೇ ವಾರದಲ್ಲಿ, ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು ಎಂದು ಹೋಲಿಸುತ್ತಾರೆ. ಇಡೀ ತಾಲೂಕಿನಲ್ಲಿ ಚದುರಿದ 30 ಜ್ವರಗಳಿಗಿಂತ ಒಂದೇ ಕೂಲಿಲೈನಿನಲ್ಲಿ ಒಂದೇ ವಾರ ಬಂದ 3 ಜ್ವರಗಳು ಹೆಚ್ಚಿನ ಅರ್ಥ ಕೊಡಬಹುದು. ಆದರೆ ಆ 3 ಜ್ವರಗಳಿಗೆ ಅಂಗಡಿಯ ಮಾತ್ರೆ ಕೊಟ್ಟು ಸುಮ್ಮನಾದರೆ ಅವು ಯಾವ ನಮೂನೆಯಲ್ಲೂ ಬರುವುದಿಲ್ಲ.

ಆಹಾರ ವಿಷದ ತನಿಖೆಯೂ ಹೀಗೆಯೇ. ಮದುವೆ ಮನೆಯಲ್ಲೋ ತೋಟದ ಊಟದಲ್ಲೋ ಹಲವರಿಗೆ ವಾಂತಿಭೇದಿಯಾದರೆ ತನಿಖೆಗೆ ಬಂದವರು, ಯಾರಿಗೆ ಕಾಯಿಲೆಯಾಯಿತು ಎಂದು ಮಾತ್ರವಲ್ಲ, ಉಂಡೂ ಯಾರಿಗೆ ಆಗಲಿಲ್ಲ ಎಂದೂ ಕೇಳುತ್ತಾರೆ. ಪಾಯಸ ಉಂಡವರಿಗೆಲ್ಲ ಆಗಿ, ಉಣ್ಣದವರಿಗೆ ಆಗದಿದ್ದರೆ ಸಂಶಯ ಎತ್ತ ಎಂಬುದು ತಾನಾಗಿಯೇ ತಿಳಿಯುತ್ತದೆ. ನಾಚಿಕೆಯಿಂದ ಉಳಿದ ಅಡಿಗೆಯನ್ನು ಗುಂಡಿಗೆ ಸುರಿದರೆ ಸಾಕ್ಷಿಯೇ ಹೋದಂತೆ.

ಕಾಫಿ ಕಣದ ಕಡೆಗೂ ಒಂದು ಮಾತು

ಬಾಂಸವಾಡದ ಪಾಠ ನಮ್ಮ ಕಣಕ್ಕೂ ಅನ್ವಯಿಸುತ್ತದೆ. ಕಾಫಿ ಹಣ್ಣನ್ನು ರಾಶಿ ಹಾಕಿ ಬೆಚ್ಚಗಾಗಲು ಬಿಟ್ಟರೆ, ಅರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಬಂದು ಓಕ್ರಾಟಾಕ್ಸಿನ್ ಎಂಬ ಇನ್ನೊಂದು ವಿಷ ಉಂಟಾಗಬಹುದು. ಇದು ಕೂಡಲೇ ಕಾಯಿಲೆ ತರುವುದಿಲ್ಲ. ದೀರ್ಘಕಾಲ ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿ ಎಂಬ ಕಾರಣಕ್ಕೆ ಮಿತಿ ಹಾಕಿದ್ದಾರೆ. ಐರೋಪ್ಯ ಒಕ್ಕೂಟವು ಹುರಿದ ಕಾಫಿಗೆ ಕಿಲೋಗೆ 5 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2023ರಿಂದ 3ಕ್ಕೆ ಇಳಿಸಿದೆ. ಇಲ್ಲಿ ಸುಳಿವು ಕೊಡಲು ಮಂಗವೂ ಇಲ್ಲ, ನಾಯಿಯೂ ಇಲ್ಲ. ಆದ್ದರಿಂದ ಕೊಯ್ದ ದಿನವೇ ಕಣದಲ್ಲಿ ತೆಳುವಾಗಿ ಹರಡುವುದು, ದಿನವೂ ಕೈಯಾಡಿಸುವುದು, ರಾತ್ರಿ ಇಬ್ಬನಿಗೆ ಮುಚ್ಚುವುದು, ಪೂರ್ತಿ ಒಣಗಿದ ಮೇಲೆಯೇ ಚೀಲ ಹೊಲಿಯುವುದು ನಮ್ಮ ಹೊಣೆ.

ಸುದ್ದಿ ಏಕೆ ಮುಚ್ಚಿಡುತ್ತೇವೆ?

ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಸತ್ತ ಮಂಗದ ಸುದ್ದಿ ಹಬ್ಬಿದರೆ ಆಳುಗಳು ಬಾರರು, ಹಣ್ಣು ಗಿಡದಲ್ಲೇ ಒಣಗೀತು ಎಂಬ ಅಂಜಿಕೆ ಬಹುಮಂದಿಗೆ ಇದೆ. ಸತ್ತದ್ದು ಹೇಗೆಂದು ಅರಣ್ಯ ಇಲಾಖೆಯವರು ಪ್ರಶ್ನಿಸಿಯಾರು ಎಂಬ ಅಳುಕೂ ಇದೆ. ಈ ಅಂಜಿಕೆಗಳು ಸುಳ್ಳಲ್ಲ. ಆದರೆ ತೂಗಿ ನೋಡಿ: ಸುದ್ದಿ ಕೊಟ್ಟರೆ ಹೋಗುವುದು ಕೆಲವು ದಿನಗಳ ಕೆಲಸ. ಮುಚ್ಚಿಟ್ಟರೆ ಹೋಗಬಹುದಾದದ್ದು ನಮ್ಮನ್ನು ನಂಬಿ ಬಂದವರ ಜೀವ. ಈ ರೋಗ ತಗುಲಿದವರಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಔಷಧವಿಲ್ಲ, ಆಸ್ಪತ್ರೆಯ ಆರೈಕೆ ಬೇಗ ಸಿಗುವುದೇ ಮುಖ್ಯ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ 2022ರಲ್ಲಿ ನಿಂತಿತು.

ಹೊರ ರಾಜ್ಯಗಳಿಂದ ಬಂದ ಕೆಲಸಗಾರರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಣ್ಣೆ ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಅಷ್ಟರಲ್ಲಿ ಅವರು ರೈಲು ಹತ್ತಿ ಊರು ಸೇರಿರಬಹುದು. ಅಲ್ಲಿಯ ವೈದ್ಯರಿಗೆ ಮಂಗನ ಕಾಯಿಲೆಯ ನೆನಪೇ ಬಾರದಿರಬಹುದು. ಹೊರಡುವಾಗ ಅವರಿಗೆ ಒಂದು ಮಾತು ಹೇಳಿ ಕಳಿಸಿ: ಜ್ವರ ಬಂದರೆ ಮಲೆನಾಡಿನ ಕಾಡಂಚಿನ ತೋಟದಲ್ಲಿ ಕೆಲಸ ಮಾಡಿ ಬಂದೆ ಎಂದು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸದಸ್ಯರು ಮಾಡಬೇಕಾದ್ದು

1. ಸತ್ತ ಅಥವಾ ಮಂಕಾಗಿ ಬಿದ್ದ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಸುಡಬೇಡಿ. ಜಾಗ ಗುರುತಿಟ್ಟು, ಯಾರೂ ಸುಳಿಯದಂತೆ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ಅದೇ ದಿನ ತಿಳಿಸಿ. ವಿದ್ಯುತ್ ತಗುಲಿ ಸತ್ತಿರಬಹುದು ಎಂದು ನಾವೇ ತೀರ್ಮಾನಿಸುವುದು ಬೇಡ.

2. ಕಾಡಿಗೆ ಹೋಗುವವರು ಕೈಕಾಲು ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಲಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಲಿ. ದನಗಳ ಮೈಮೇಲಿನ ಉಣ್ಣೆಗೂ ಪಶುವೈದ್ಯರನ್ನು ಕೇಳಿ ಔಷಧ ಹಾಕಿಸಿ.

3. ಏಕಾಏಕಿ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಇದ್ದರೆ ಮೊದಲ ದಿನಗಳಲ್ಲೇ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ. ರಕ್ತಸ್ರಾವದ ಭಯವಿರುವುದರಿಂದ ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ.

4. ಒಂದೇ ಊಟದಿಂದ ಇಬ್ಬರಿಗಿಂತ ಹೆಚ್ಚು ಮಂದಿಗೆ ವಾಂತಿಭೇದಿಯಾದರೆ ಉಳಿದ ಅಡಿಗೆಯನ್ನು ಯಾರೂ ತಿನ್ನದಂತೆ ಮುಚ್ಚಿಟ್ಟು ಆರೋಗ್ಯ ಕೇಂದ್ರಕ್ಕೆ ಹೇಳಿ.

5. ಬೂಷ್ಟು ಹಿಡಿದ ಕಾಳನ್ನು ಜನರಿಗೂ ದನಕರುಗಳಿಗೂ ಕೊಡಬೇಡಿ.

ಸಹಕಾರವೆಂದರೆ ಸಾಲ ಗೊಬ್ಬರಗಳ ವ್ಯವಹಾರ ಮಾತ್ರವಲ್ಲ. ಒಬ್ಬನ ತೋಟದಲ್ಲಿ ಕಂಡದ್ದು ನೆರೆಯ ಹತ್ತು ತೋಟಗಳಿಗೆ ತಿಳಿಯುವುದೂ ಸಹಕಾರವೇ. ಮುಂದಿನ ಗ್ರಾಮಸಭೆಯಲ್ಲಿ ಈ ಪಾಠವನ್ನು ಓದಿಸಿ, ಸುದ್ದಿ ಮುಟ್ಟಿಸುವ ಹೊಣೆಯನ್ನು ಪ್ರತಿ ಊರಿನಲ್ಲೂ ಒಬ್ಬರಿಗೆ ವಹಿಸಬೇಕೆಂದು ಕೋರುತ್ತೇವೆ.