ಜೋಡಿ ಇಂಜಿನ್ ಹೂಡುವ ಮುನ್ನ

ತಮ್ಮಾ, ಎರಡು ಇಂಜಿನ್ನಿಗೆ ಕೊಂಡಿ ಹಾಕುವ ಮೊದಲು ಅವುಗಳ ನಡಿಗೆ ಒಂದು ಮಾಡಿಕೋ. ಎಷ್ಟು ಡಬ್ಬಿ ಎಳೆದಾವು ಅನ್ನುವ ಲೆಕ್ಕ ಆಮೇಲೆ. ಕೊರ್ಲಹಳ್ಳಿ ಮನೆಯ ಪಡಸಾಲೆಯಲ್ಲಿ ನೀನು ಹಲಗೆ ಜೋಡಿಸಿ ಎಚ್‌ಒ ಅಳತೆಯ ಮಾದರಿ ರೈಲಿನ ಹಳಿ ಹಾಸಿದ್ದು ಕಂಡು ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನಮ್ಮೂರಿಗೆ ತುಂಗಭದ್ರೆ ಇದ್ದಾಳೆ, ಅವಳ ಮೇಲೆ ಸೇತುವೆ ಇದೆ, ರೈಲು ಮಾತ್ರ ಇಲ್ಲ. ಇಂಜಿನ್ ನೋಡಬೇಕೆಂದರೆ ಗದಗಿಗೋ ಕೊಪ್ಪಳಕ್ಕೋ ಹೋಗಬೇಕು. ಇಂಥ ಊರಲ್ಲಿ ಒಂದು ರೈಲು ಓಡುತ್ತದೆಂದರೆ ಅದು ಚಂದಾಗಿ ಓಡಲಿ ಅನ್ನುವ ಆಸೆ ನನ್ನದು.

ಗದಗ ಜಂಕ್ಷನ್ನಿನಲ್ಲಿ ಜೋಡಿ ಇಂಜಿನ್ನಿನ ಗೂಡ್ಸ್ ಗಾಡಿ ನೋಡಿದ್ದೀಯಲ್ಲ, ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4. 1999ರಲ್ಲಿ ಈ ಜಾತಿಯ ಮೊದಲ ಇಂಜಿನ್‌ಗಳು ಅಮೆರಿಕದಿಂದ ಬಂದಾಗ ಅವನ್ನು ಇಟ್ಟುಕೊಂಡದ್ದು ಹುಬ್ಬಳ್ಳಿ ಶೆಡ್ಡೇ. ಒಂದೊಂದಕ್ಕೆ 4000 ಅಶ್ವಶಕ್ತಿ. ಎರಡು ಹಚ್ಚಿದರೂ ಗಾಡಿ ನಡೆಸುವವನು ಮುಂದಿನದರಲ್ಲಿ ಮಾತ್ರ ಇರುತ್ತಾನೆ. ನಡುವೆ ಕೇಬಲ್, ಗಾಳಿಯ ಪೈಪು. ಅವನು ಮೂರನೇ ನಾಚ್‌ಗೆ ಹಾಕಿದರೆ ಹಿಂದಿನದೂ ಮೂರಕ್ಕೇ ಬರುತ್ತದೆ. ಇವುಗಳ ನಡುವೆ ಕೊಂಚ ಫರಕು ಬಂದರೂ ಅಲ್ಲಿ ನಡೆಯುತ್ತದೆ. ದೊಡ್ಡ ಇಂಜಿನ್ನಿಗೆ ಶಕ್ತಿ ನಿಲ್ಲಿಸಿದರೂ ಗಾಲಿ ಉರುಳುತ್ತಲೇ ಇರುತ್ತದೆ.

ನಿನ್ನ ಪುಟ್ಟ ಇಂಜಿನ್ ಹಾಗಲ್ಲ. ಅದರ ಹೊಟ್ಟೆಯಲ್ಲಿ ವರ್ಮ್ ಗೇರ್ ಇದೆ. ಮೋಟಾರು ಗಾಲಿಯನ್ನು ತಿರುಗಿಸೀತು, ಗಾಲಿ ಮೋಟಾರನ್ನು ತಿರುಗಿಸಲಾರದು. ಇಂಜಿನ್ನನ್ನು ಅಂಗೈ ಮೇಲೆ ಮಗುಚಿ ಹಾಕಿ ಗಾಲಿಯನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡು, ಮಿಸುಕುವುದಿಲ್ಲ. ಹಾಗಾಗಿ ಒಂದು ತುಸು ಹಿಂದೆ ಬಿದ್ದರೂ ಇನ್ನೊಂದು ಅದನ್ನು ದರದರ ಎಳೆಯಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಗತಿ. ಗಾಲಿ ಜಾರುತ್ತದೆ, ಮೋಟಾರು ಕಾಯುತ್ತದೆ, ರಬ್ಬರ್ ಟೈರಿದ್ದರೆ ಅದೂ ಸವೆಯುತ್ತದೆ. ಹೆಚ್ಚು ಕರೆಂಟು ಕೊಟ್ಟು ಈ ಜಗಳ ಬಿಡಿಸಲು ಹೋಗಬೇಡ.

ನಡಿಗೆ ಒಂದು ಮಾಡುವ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟುಕೋ. ಅವಸರದಲ್ಲಿ ಆಗುವ ಕೆಲಸವಲ್ಲ. ಮೊದಲು ಎರಡನ್ನೂ ಕಾಲು ಗಂಟೆ ಸುಮ್ಮನೆ ಓಡಿಸಿ ಬೆಚ್ಚಗೆ ಮಾಡು. ತಣ್ಣಗಿದ್ದಾಗಿನ ನಡಿಗೆಯೇ ಬೇರೆ, ಬಿಸಿಯಾದ ಮೇಲಿನದೇ ಬೇರೆ. ಇಂಜಿನ್ನಿನೊಳಗೆ ಕೂತು ಮೋಟಾರು ನಡೆಸುವ ಡಿಕೋಡರಿನ ಖಾನೆಗಳಲ್ಲಿ ಸಿವಿ 3 ಮತ್ತು ಸಿವಿ 4 ಅನ್ನು ಸದ್ಯಕ್ಕೆ ಸೊನ್ನೆ ಮಾಡು. ವೇಗ ನಿಧಾನವಾಗಿ ಏರಿಸುವ, ಇಳಿಸುವ ಖಾನೆಗಳು ಅವು, ಪರೀಕ್ಷೆಗೆ ಅಡ್ಡ ಬರುತ್ತವೆ. ಆಮೇಲೆ ಕೊಂಡಿ ಹಾಕದೆ, ಒಂದೇ ಹಳಿಯ ಮೇಲೆ ಒಂದು ಗೇಣು ಅಂತರದಲ್ಲಿ ಎರಡನ್ನೂ ನಿಲ್ಲಿಸಿ ಒಂದೇ ಸ್ಟೆಪ್ಪಿನಲ್ಲಿ ಬಿಡು. ಸುತ್ತು ಬಂದಾಗ ಆ ಗೇಣು ಗೇಣಾಗೇ ಇದೆಯೋ, ಮೊಳವಾಯಿತೋ, ಬೆರಳಾಯಿತೋ ನೋಡು. ಅಂತರ ಬದಲಾದರೆ ಈ ಖಾನೆಗಳನ್ನು ತಿದ್ದು: ಹೊರಡುವ ಹೊತ್ತಿಗೆ ಸಿವಿ 2, ನಡುವಿನ ವೇಗಕ್ಕೆ ಸಿವಿ 6, ಮೇಲಿನ ವೇಗಕ್ಕೆ ಸಿವಿ 5. ಯಾವಾಗಲೂ ಓಡುಗಾಲಿನದನ್ನೇ ತಗ್ಗಿಸು. ನಿಧಾನದ್ದನ್ನು ಹಿಗ್ಗಿಸಲು ಹೋದರೆ ಅದು ತನ್ನ ಮಿತಿ ಮುಟ್ಟಿ ನಿಲ್ಲುತ್ತದೆ. ಮೂರು ಖಾನೆ ಸಾಲದಿದ್ದರೆ ಸಿವಿ 67ರಿಂದ 94ರವರೆಗೆ 28 ಮೆಟ್ಟಿಲಿನ ವೇಗಪಟ್ಟಿ ಇದೆ, ಒಂದೊಂದಾಗಿ ತಿದ್ದಬಹುದು. ಹಿಂದಕ್ಕೂ ಓಡಿಸಿ ನೋಡು, ಮುಂದಕ್ಕೆ ಹೊಂದಿದ್ದು ಹಿಂದಕ್ಕೆ ಹೊಂದದಿರುವುದುಂಟು. ಇಷ್ಟಾದ ಮೇಲೂ ಎಳ್ಳಷ್ಟು ಫರಕು ಉಳಿದರೆ ಓಡುಗಾಲಿನದನ್ನು ಮುಂದೆ ಹಚ್ಚು, ಕೊಂಡಿ ಬಿಗಿಯಾಗಿ ಇರುತ್ತದೆ. ಎಲ್ಲ ಸರಿ ಬಂದಾಗ 3 ಮತ್ತು 4ಕ್ಕೆ ಎರಡೂ ಕಡೆ ಒಂದೇ ಅಂಕಿ ಕೊಡು.

ಜೋಡಿಸುವ ಕ್ರಮ ಸುಲಭ. ಸಿವಿ 19ರಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಬರೆ, 12 ಅಂದುಕೋ. ಹಿಂದುಮುಂದಾಗಿ ನಿಂತ ಇಂಜಿನ್ನಿಗೆ 128 ಕೂಡಿಸಿ 140 ಬರೆ. ಜೋಡಿ ಬಿಚ್ಚಿದ ಮೇಲೆ ಸಿವಿ 19ಕ್ಕೆ ಸೊನ್ನೆ ಹಾಕುವುದನ್ನು ಮರೆಯಬೇಡ. ಮರೆತರೆ ಅದು ತನ್ನ ಸ್ವಂತ ನಂಬರಿಗೆ ಮಿಸುಕುವುದಿಲ್ಲ, ಮೋಟಾರು ಸುಟ್ಟಿತೆಂದು ನೀನು ಸುಮ್ಮನೆ ಬಿಚ್ಚಿ ಕೂಡುತ್ತೀ.

ನಮ್ಮ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಎಲ್ಲಿಗೂ ಬರುತ್ತದೆ, ಹಳಿಗೂ ಗಾಲಿಗೂ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಎರಡನ್ನೂ ಒರೆಸು. ಒಂದು ಇಂಜಿನ್ ಧೂಳಿನ ಮೇಲೆ ತಡವರಿಸಿದರೆ ಮಧ್ಯಾಹ್ನವಿಡೀ ಹೊಂದಿಸಿದ ನಡಿಗೆ ಆ ಕ್ಷಣಕ್ಕೆ ಹೋಯಿತು.

ಇನ್ನು ಹಲಗೆಯ ಮೇಲೆ ಘಾಟು ಕಟ್ಟುವ ನಿನ್ನ ಆಸೆ. ಮುರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಕುಳೆಂನಿಂದ ದೂಧಸಾಗರ ದಾಟಿ ಕ್ಯಾಸಲ್‌ರಾಕ್‌ಗೆ ಏರುತ್ತದೆ, ಆಮೇಲೆ ಹುಬ್ಬಳ್ಳಿ, ಗದಗ. ಆ ಘಾಟಿನ ಏರು 37ಕ್ಕೆ 1. ನಿನ್ನ ಹಲಗೆಯ ಲೆಕ್ಕದಲ್ಲಿ ಎರಡು ಮೀಟರಿಗೆ ಸುಮಾರು ಐದೂವರೆ ಸೆಂಟಿಮೀಟರ್. ನೋಡಲು ಇಷ್ಟೇನಾ ಅನಿಸುತ್ತದೆ, ತುಂಬಿದ ಗಾಡಿ ಹಚ್ಚಿದಾಗ ಗೊತ್ತಾಗುತ್ತದೆ. ಅಲ್ಲಿ ಮುಂದೆ ಎಷ್ಟೇ ಇಂಜಿನ್ ಇರಲಿ, ಹಿಂದಿನಿಂದ ನೂಕುವ ಇಂಜಿನ್, ಅಂದರೆ ಬ್ಯಾಂಕರ್, ಬೇಕೇ ಬೇಕು. ಎಲ್ಲ ಬಲವನ್ನೂ ಮುಂದೆ ಹಚ್ಚಿದರೆ ಕೊಂಡಿ ತಾಳಲಾರದು.

ಪುಟ್ಟ ಗಾಡಿಗೆ ಬ್ಯಾಂಕರ್ ಹಚ್ಚುವಾಗ ಡಬ್ಬಿಗಳ ತೂಕ ನೋಡು. ತಿರುವಿನಲ್ಲಿ ಮುಂದಿನಿಂದ ಅತಿಯಾಗಿ ಎಳೆದರೆ ಹಗುರ ಡಬ್ಬಿ ಒಳಗೆ ಬೀಳುತ್ತದೆ, ಹಿಂದಿನಿಂದ ಅತಿಯಾಗಿ ನೂಕಿದರೆ ಹೊರಗೆ ಜಿಗಿಯುತ್ತದೆ. ಎಚ್‌ಒ ಡಬ್ಬಿಗೆ ಅಮೆರಿಕದ ಮಾದರಿ ರೈಲು ಸಂಘದವರು ಹೇಳುವ ತೂಕ ಮೊದಲು 28 ಗ್ರಾಂ, ಮೇಲೆ ಇಂಚಿಗೆ 14 ಗ್ರಾಂನಂತೆ. ಆರು ಇಂಚಿನ ಡಬ್ಬಿ 112 ಗ್ರಾಂ ಆಸುಪಾಸು ತೂಗಬೇಕು. ಕಡಿಮೆ ಬಿದ್ದರೆ ಸೀಸದ ಚೂರು ಅಂಟಿಸು. ಖಾಲಿ ಡಬ್ಬಿಗಳನ್ನು ನಡುವೆ ಸಿಕ್ಕಿಸಬೇಡ.

ಬ್ಯಾಂಕರನ್ನು ಮುಂದಿನವುಗಳ ನಂಬರಿಗೆ ಸೇರಿಸದೆ ಬೇರೆ ಇಟ್ಟರೇ ಚೆನ್ನ. ನಿಜವಾದ ಘಾಟಿನಲ್ಲೂ ಹಿಂದಿನ ಇಂಜಿನ್ನಿಗೆ ಬೇರೆ ಸಿಬ್ಬಂದಿ ಇರುತ್ತಾರೆ. ಮುಂದಿನವರು ಹೇಳುತ್ತಾರೆ, ಹಿಂದಿನವರು ನೂಕುತ್ತಾರೆ. ಮುಂದಿನ ಜೋಡಿಯ ನಡಿಗೆ ಹೊಂದಿತೆಂದು ನಿನಗೆ ಸಮಾಧಾನವಾದ ದಿನ ಫೋನ್ ಮಾಡು. ಮುಂದಿನ ಕಂಟ್ರೋಲರ್ ನೀನು ಹಿಡಿ, ಬ್ಯಾಂಕರಿನದು ನನಗೆ ಕೊಡು.