ಲೈಡನ್‌ನಿಂದ ಕಡಲಿಗೆ: ಒಬ್ಬ ಡಚ್ ಸೈನಿಕನ ಜಾಡು

ಆಮ್‌ಸ್ಟೆಲ್‌ವೀನ್‌ನಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಟ್ಯೂಲಿಪ್ ತೋಟ, ಗಾಳಿಯಂತ್ರ ನೋಡಿ ಮರಳುವುದೇ ಹೆಚ್ಚು. ಇನ್ನೆರಡು ದಿನ ಇಟ್ಟುಕೊಳ್ಳಿ. ಎರಿಕ್ ಹಾಜೆಲ್‌ಹಾಫ್ ರೂಲ್ಫ್‌ಜೆಮಾ ಎಂಬ ಸೈನಿಕನ ಕಥೆ ನಡೆದ ಊರುಗಳೆಲ್ಲ ಅಕ್ಕಪಕ್ಕದಲ್ಲೇ ಇವೆ. 1977ರಲ್ಲಿ ಪಾಲ್ ವೆರ್‌ಹೂವನ್ ನಿರ್ದೇಶಿಸಿದ 'ಸೋಲ್ಡಾಟ್ ವಾನ್ ಒರಾನ್ಯೆ' ಸಿನಿಮಾ ಅವರದೇ ಆತ್ಮಕಥನದಿಂದ ಬಂದದ್ದು. ಅದನ್ನು ನೋಡಿಕೊಂಡು ಹೊರಟರೆ ಒಳ್ಳೆಯದು.

ಮೊದಲು ಲೈಡನ್. ಸ್ಕಿಪೋಲ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಪ್ರತ್ಯೇಕ ಟಿಕೆಟ್ ಬೇಡ, ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹತ್ತಬಹುದು. ಇಳಿದ ಮೇಲೂ ಮರೆಯದೆ ಮುಟ್ಟಿಸಿ. ನಿಲ್ದಾಣದಿಂದ ನಡೆದೇ ರಾಪನ್‌ಬರ್ಗ್ ಕಾಲುವೆಯ ದಡಕ್ಕೆ ಬಂದರೆ ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿಕೊಂಡಿದ್ದಾಗ, 1940ರ ನವೆಂಬರ್ 26ರಂದು, ಪ್ರೊಫೆಸರ್ ಕ್ಲೇವರಿಂಗಾ ಅವರು ಯಹೂದಿ ಸಹೋದ್ಯೋಗಿ ಮೈಯರ್ಸ್ ಅವರ ವಜಾವನ್ನು ಇಲ್ಲಿ ಬಹಿರಂಗವಾಗಿ ಖಂಡಿಸಿದರು. ಮರುದಿನವೇ ಅವರ ಬಂಧನ. ವಿದ್ಯಾರ್ಥಿಗಳು ಆ ಭಾಷಣವನ್ನು ಪ್ರತಿ ಮಾಡಿ ಹಂಚಿದರು. ಎರಿಕ್ ಆಗ ಇಲ್ಲೇ ಕಾನೂನು ಓದುತ್ತಿದ್ದರು. ಅವರ ಪ್ರತಿರೋಧ ಬೆಳೆದದ್ದು ಇಂಥ ಗಾಳಿಯಲ್ಲಿ, ಹಾಗಾಗಿ ಈ ದಡದಲ್ಲಿ ಅವಸರ ಮಾಡಬೇಡಿ.

ಮಧ್ಯಾಹ್ನ ಬಸ್ಸಿನಲ್ಲಿ ನೋರ್ಡ್‌ವೈಕ್‌ಗೆ ಹೋಗಿ. ಆಕ್ರಮಿತ ನಾಡಿನಿಂದ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದವರನ್ನು ಡಚ್ಚರು 'ಎಂಗೆಲಾಂಡ್‌ವಾರ್ಡರ್' ಎನ್ನುತ್ತಾರೆ; ಅವರದೇ ವಸ್ತುಸಂಗ್ರಹಾಲಯ ಅಲ್ಲಿದೆ. ಎರಿಕ್ 1941ರಲ್ಲಿ ಸರಕು ಹಡಗೊಂದನ್ನೇರಿ ಪಾರಾದವರು.

ಎರಡನೇ ದಿನ ಹೇಗ್ ನಗರದ ಅಂಚಿನ ಸ್ಕೆವೆನಿಂಗೆನ್. ಜರ್ಮನರು ಇಲ್ಲಿನ ಸೆರೆಮನೆಯಲ್ಲಿ 25,000ಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ್ದರು. ಜನ ಅದಕ್ಕಿಟ್ಟ ಹೆಸರು 'ಒರಾನ್ಯೆ ಹೋಟೆಲ್', ಅಂದರೆ ರಾಜಮನೆತನಕ್ಕೆ ನಿಷ್ಠರಾದವರ ವಸತಿ. ಪ್ರೊಫೆಸರೂ ವಿದ್ಯಾರ್ಥಿಯೂ ಇಬ್ಬರೂ ಇಲ್ಲಿದ್ದವರೇ. ಎರಿಕ್ ಇದ್ದದ್ದು ಒಂದು ವಾರ. 2019ರಿಂದ ಇದು ಸ್ಮಾರಕ. ಭೇಟಿಯ ವೇಳೆಯನ್ನು ಮುಂಚೆಯೇ ನೋಡಿಕೊಳ್ಳಿ, ಎರಡು ಗಂಟೆಯಾದರೂ ಕೊಡಿ. ಮರಣದಂಡನೆಯಾದವರನ್ನಿಡುತ್ತಿದ್ದ 601ನೇ ಕೋಣೆಯನ್ನು ಅಂದಿದ್ದಂತೆಯೇ ಉಳಿಸಿದ್ದಾರೆ. ಅವರನ್ನು ಹೊರಗೊಯ್ಯುತ್ತಿದ್ದ ಪುಟ್ಟ ಬಾಗಿಲೂ ಇದೆ. ಅಲ್ಲಿಂದ ಮರಳದಿಬ್ಬಗಳ ನಡುವಿನ ವಾಲ್ಸ್‌ಡಾರ್ಪ್ ಬಯಲಿಗೆ ಹೋಗಿ. 250ಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದ ಜಾಗದಲ್ಲಿ ಈಗ ನಾಲ್ಕು ಕಂಚಿನ ಶಿಲುಬೆಗಳಿವೆ. ಮೇ 4ರ ಸಂಜೆ ಇಲ್ಲಿ ದೊಡ್ಡ ಗಂಟೆ ಬಾರಿಸುತ್ತಾರೆ, ಸಾವಿರಾರು ಜನ ಮೌನವಾಗಿ ಸಾಲುಗಟ್ಟಿ ನಡೆಯುತ್ತಾರೆ. ಸಾಧ್ಯವಾದರೆ ಆ ದಿನಕ್ಕೇ ಹೊಂದಿಸಿಕೊಳ್ಳಿ.

ಕಡಲದಂಡೆಯನ್ನು ಸಂಜೆಗೇ ಇಟ್ಟುಕೊಳ್ಳಿ. ಇಂಗ್ಲೆಂಡಿನಿಂದ ಗುಪ್ತಚರರನ್ನು ರಾತ್ರಿ ದೋಣಿಯಲ್ಲಿ ತಂದು ಇಳಿಸುವ ಕೆಲಸ ಎರಿಕ್ ಅವರದಾಗಿತ್ತು. 1941ರ ನವೆಂಬರ್‌ನಲ್ಲಿ ಗೆಳೆಯ ಪೀಟರ್ ಟಾಜೆಲಾರ್ ಇಲ್ಲಿ ಇಳಿದಾಗ ನೀರು ತಡೆಯುವ ಉಡುಪಿನೊಳಗೆ ಔತಣಕೂಟದ ಸೂಟು! ಕುಡಿದು ಬಂದವನೆಂದು ಜರ್ಮನ್ ಕಾವಲಿನವರು ನಂಬಲೆಂದು ಎರಿಕ್ ಪೀಟರ್ ಮೇಲೆ ಬ್ರಾಂದಿ ಚಿಮುಕಿಸಿದರು. ಆ ಯುದ್ಧದ ಧೈರ್ಯ ಎಂಥದೆಂದು ನನಗೆ ಅರ್ಥವಾದದ್ದು ಈ ಒಂದು ವಿವರದಿಂದ. ಮುಂದೆ ಎರಿಕ್ ಬ್ರಿಟಿಷ್ ವಾಯುಪಡೆಯ 139ನೇ ಸ್ಕ್ವಾಡ್ರನ್‌ನಲ್ಲಿ ಮಸ್ಕೀಟೊ ವಿಮಾನದ ಪೈಲಟ್ ಆಗಿ 72 ಬಾರಿ ದಾಳಿಗೆ ಹಾರಿದರು. ಕೊನೆಗೆ ರಾಣಿ ವಿಲ್ಹೆಲ್ಮಿನಾ ಅವರ ಎಡಿಸಿಯಾದರು.

ದಂಡೆಯ ಕುರ್‌ಹೌಸ್ ಹೋಟೆಲ್ ಎದುರು ಮರಳಿಗಿಳಿದು ನಿಲ್ಲಿ. ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ, ದಪ್ಪ ಜಾಕೆಟ್ ಬೇಕೇ ಬೇಕು. ಹೇಗ್‌ಗೆ ಮರಳುವ ಟ್ರಾಮ್ ಅಲ್ಲೇ ಹಿಂದೆ ಸಿಗುತ್ತದೆ.