ಗುತ್ತಿಗೆ ಮುಗಿದ ಊರು

ಮಾವಿನ ತೋಪು, ಹುಣಸೆ ಮರ ಗುತ್ತಿಗೆಗೆ ಕೊಡುವುದು ನಮಗೆಲ್ಲ ಗೊತ್ತು. ಇಷ್ಟು ವರ್ಷ ಅಂತ ಮಾತಾಗುತ್ತದೆ. ವರ್ಷ ಮುಗಿದರೆ ತೋಪು ವಾಪಸ್ ಬರಬೇಕು. ಒಂದು ಊರನ್ನೇ ಹೀಗೆ ಗುತ್ತಿಗೆಗೆ ಕೊಟ್ಟರೆ? ಅಂಥ ಊರೊಂದಿದೆ. ಅದರ ಹೆಸರು ಹಾಂಗ್‌ಕಾಂಗ್.

ಹಾಂಗ್‌ಕಾಂಗ್ ಇರುವುದು ಚೀನಾದ ದಕ್ಷಿಣ ಕಡಲ ದಂಡೆಯಲ್ಲಿ. ಆಳವಾದ ಬಂದರು. ದೊಡ್ಡ ದೊಡ್ಡ ಹಡಗು ಬಂದು ನಿಲ್ಲುತ್ತವೆ. ಇದು ಇಂಗ್ಲಿಷರ ಕೈಗೆ ಹೋದದ್ದು ಹೇಗೆ?

ಆಗ ಇಂಗ್ಲಿಷರು ನಮ್ಮ ಬಿಹಾರದ ಕಡೆ ರೈತರಿಂದ ಅಫೀಮು ಬೆಳೆಸುತ್ತಿದ್ದರು. ಅದನ್ನು ಕಲ್ಕತ್ತದಲ್ಲಿ ಹರಾಜು ಹಾಕುತ್ತಿದ್ದರು. ವ್ಯಾಪಾರಿಗಳು ಕದ್ದುಮುಚ್ಚಿ ಚೀನಾಕ್ಕೆ ಸಾಗಿಸುತ್ತಿದ್ದರು. ಅಲ್ಲಿನ ಜನ ಅಮಲಿಗೆ ಬಿದ್ದರು. ಮನೆಗಳು ಹಾಳಾದವು. ಸಾರಾಯಿಯಿಂದ ಮನೆ ಹಾಳಾಗುವುದನ್ನು ನಾವು ನೋಡಿಲ್ಲವೇ? ಇದೂ ಹಾಗೇ. 1839ರಲ್ಲಿ ಲಿನ್ ಎಂಬ ಚೀನೀ ಅಧಿಕಾರಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ನಾಶ ಮಾಡಿಸಿದರು. ಇಂಗ್ಲಿಷರು ಯುದ್ಧಕ್ಕೆ ಬಂದರು. ಚೀನಾ ಸೋತಿತು. 1842ರಲ್ಲಿ ಹಾಂಗ್‌ಕಾಂಗ್ ದ್ವೀಪ ಹೋಯ್ತು. 1860ರಲ್ಲಿ ಎದುರು ದಂಡೆಯ ಕೌಲೂನ್ ಹೋಯ್ತು. ಎರಡೂ ಶಾಶ್ವತವಾಗಿ.

1898ರಲ್ಲಿ ಪಕ್ಕದ ಹಳ್ಳಿ, ಗದ್ದೆ, ಗುಡ್ಡಗಳನ್ನೂ ಇಂಗ್ಲಿಷರು ಪಡೆದರು. ಇವು ಮಾತ್ರ 99 ವರ್ಷದ ಗುತ್ತಿಗೆಗೆ. ಬಾಡಿಗೆ ಎಷ್ಟು ಗೊತ್ತೇ? ಒಂದು ಕಾಸೂ ಇಲ್ಲ!

1997ಕ್ಕೆ ಗುತ್ತಿಗೆ ಮುಗಿಯಬೇಕು. ದ್ವೀಪವನ್ನಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗದ ಮಾತು. ಹೆಚ್ಚಿನ ನೆಲ ಗುತ್ತಿಗೆಯದೇ. ಕುಡಿಯುವ ನೀರೂ ಬಹಳಷ್ಟು ಚೀನಾದಿಂದಲೇ ಬರಬೇಕು. 1984ರಲ್ಲಿ ಎರಡೂ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿದವು. ಊರೆಲ್ಲ ಚೀನಾಕ್ಕೆ ವಾಪಸ್. ಆದರೆ ಊರಿನ ಕಾನೂನು, ವ್ಯಾಪಾರ, ಬದುಕಿನ ರೀತಿ 50 ವರ್ಷ ಬದಲಾಗಬಾರದು. ಇದನ್ನು ‘ಒಂದು ದೇಶ, ಎರಡು ವ್ಯವಸ್ಥೆ’ ಅಂದರು. ಊರಿನ ಲಕ್ಷಾಂತರ ಜನರಿಂದ ಇದಕ್ಕೆ ಮತ ಹಾಕಿಸಲಿಲ್ಲ.

1997ರ ಜೂನ್ 30ರ ರಾತ್ರಿ. ಆ ದಿನ ಮಳೆಯೋ ಮಳೆ. 12 ಗಂಟೆಗೆ ಬ್ರಿಟನ್ ಬಾವುಟ ಇಳಿಯಿತು. ಚೀನಾದ ಕೆಂಪು ಬಾವುಟ ಏರಿತು. ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ಹಡಗು ಹತ್ತಿ ಹೊರಟರು.

ಕೊಟ್ಟ ಮಾತು ಉಳಿಯುತ್ತದೆಯೇ ಎಂಬ ಭಯ ಜನರಿಗಿತ್ತು. 2019ರಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. 2020ರಲ್ಲಿ ಚೀನಾ ಬಿಗಿಯಾದ ಭದ್ರತಾ ಕಾನೂನು ತಂದಿತು. ಎದುರು ಮಾತಾಡಿದ ಹಲವರು ಜೈಲು ಸೇರಿದರು. 50 ವರ್ಷ ತುಂಬುವುದು 2047ಕ್ಕೆ.

ಹೆಂಗಸರ ಸಂಗತಿ ಒಂದಿದೆ. ಅದನ್ನು ಹೇಳದೆ ಬಿಡಲಾರೆವು. ಗುತ್ತಿಗೆಯ ಹಳ್ಳಿಗಳಲ್ಲಿ ಅಪ್ಪನ ಹೊಲ ಗಂಡುಮಕ್ಕಳಿಗೇ ಸೇರುತ್ತಿತ್ತು. ಗಂಡುಮಗನಿಲ್ಲವೇ? ಆಗಲೂ ಮಗಳಿಗಲ್ಲ, ಗಂಡು ದಾಯಾದಿಗಳಿಗೆ! ಇಂಗ್ಲಿಷರು ಈ ಹಳೇ ಪದ್ಧತಿ ಮುಟ್ಟಲಿಲ್ಲ. ಅದಕ್ಕೆ ಕಾನೂನಿನ ಬಲವನ್ನೂ ಕೊಟ್ಟರು. ಕೊನೆಗೆ ಹಳ್ಳಿಯ ಹೆಂಗಸರೇ ಬೀದಿಗೆ ಬಂದು ಕೇಳಿದರು. ಶಾಸನಸಭೆಯಲ್ಲಿ ಕ್ರಿಸ್ಟೀನ್ ಲೋ ಎಂಬ ಸದಸ್ಯೆ ಅವರ ಪರ ನಿಂತರು. ಹಳ್ಳಿ ಮುಖಂಡರು ಕೂಗಾಡಿದರು. ಆದರೂ 1994ರಲ್ಲಿ ಹೆಣ್ಣುಮಕ್ಕಳಿಗೆ ಹೊಲದ ಹಕ್ಕು ಬಂತು. ಬಾವುಟ ಬದಲಾಗಲು ಆಗ ಮೂರೇ ವರ್ಷ ಬಾಕಿ.

ಮನೆ ಕಟ್ಟುವ ಹಕ್ಕು ಮಾತ್ರ ಬರಲಿಲ್ಲ. ಆ ಹಳ್ಳಿಗಳ ಮೂಲ ವಂಶದ ಗಂಡಸಿಗೆ 18 ವರ್ಷ ತುಂಬಿದರೆ ಮನೆ ಕಟ್ಟಲು ಅನುಮತಿ ಕೇಳಬಹುದು. ಇದು 1972ರ ನಿಯಮ. ಹೆಂಗಸರು ಕೇಳುವಂತಿಲ್ಲ. ಈ ನಿಯಮ ಊರ್ಜಿತ ಎಂದು ಅಲ್ಲಿನ ಅತಿ ದೊಡ್ಡ ನ್ಯಾಯಾಲಯ 2021ರಲ್ಲಿ ಹೇಳಿತು.